ಅಕ್ಕನ ಕವಿತೆಗೆ ಕಾಯಂ ನಂಬರು

ತಮ್ಮ ಮಾಡುವ ಕೆಲಸದ ತಲೆಬುಡ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿರುವ ಬರಹಗಳಿಗೆಲ್ಲ ಒಂದೊಂದು ಕಾಯಂ ನಂಬರು ಕೊಟ್ಟು, ಬರಹ ಎಲ್ಲಿಗೆ ಗುಳೆ ಹೋದರೂ ಆ ನಂಬರು ಒತ್ತಿದವರನ್ನು ಅಲ್ಲಿಗೇ ಮುಟ್ಟಿಸುವ ನೋಂದಣಿ ವ್ಯವಸ್ಥೆಯನ್ನು ಅವನು ಕಟ್ಟುತ್ತಿದ್ದ. ಹಲ್ಲಿನ ಡಾಕ್ಟರಾದ ಅಕ್ಕನಿಗೆ ಅದು ಅರ್ಥವಾದದ್ದು, ಅವಳ ಕಾಲೇಜಿನ ಹಳೆಯ ಪತ್ರಿಕೆಯೂ ಇಂಟರ್ನೆಟ್ಟಿಗೇರಿ, ಅದರ ಬರಹಗಳಿಗೂ ನಂಬರು ಬಿದ್ದು, ಅವಳು ಆಗ ಯಾರದೋ ನಗುವಿನ ಮೇಲೆ ಬರೆದ ಪ್ರೇಮಕವಿತೆ ಎದ್ದು ಕೂತಾಗಲೇ.

"ಮೊದಲು ಅದನ್ನ ಅಳಿಸು. ನನ್ನ ಮಾನ ಮೂರು ಕಾಸಿಗೆ ಹರಾಜಾಗುತ್ತೆ," ಎಂದು ಅವಳು ಕ್ಲಿನಿಕ್ಕಿನಿಂದಲೇ ಫೋನಿನಲ್ಲಿ ಹಾರಾಡಿದಳು.

"ಕವಿತೆ ತೆಗೀಬಹುದು ಅಕ್ಕ, ನಂಬರು ತೆಗೆಯೋಕಾಗಲ್ಲ. ಕಾಯಂ ಅಂದ್ಮೇಲೆ ಕಾಯಂ. ಆ ಜಾಗದಲ್ಲಿ ಒಂದು ಸೂಚನೆ ಇರಲೇಬೇಕು."

"ಏನಾದ್ರೂ ಹಾಕ್ಕೊಂಡು ಸಾಯಿ!"

ಅವನು ನಿಯಮದ ಪ್ರಕಾರವೇ ಹಾಕಿದ: 'ಇಲ್ಲಿ ಒಂದು ಪ್ರೇಮಕವಿತೆ ಇತ್ತು. ಕವಯಿತ್ರಿಯ ಕೋರಿಕೆಯ ಮೇರೆಗೆ ತೆಗೆಯಲಾಗಿದೆ.' ಕೆಳಗೆ ಅಕ್ಕನ ಹೆಸರು, ಡಿಗ್ರಿ ಸಮೇತ.

ಕವಿತೆ ಇದ್ದಾಗ ಅದನ್ನು ಓದಿದವರು ಅಕ್ಕ, ತಮ್ಮ ಇಬ್ಬರೇ. ಸೂಚನೆಯನ್ನು ಊರಿಗೆ ಊರೇ ಓದಿತು.

ಕೆಲವೇ ದಿನಗಳಲ್ಲಿ ಅಕ್ಕ ಅವನ ಆಫೀಸಿಗೇ ಬಂದು ಕುರ್ಚಿಯಲ್ಲಿ ಕುಸಿದಳು. "ಹಲ್ಲು ಕೀಳಿಸ್ಕೊಳ್ಳೋಕೆ ಬಾಯಿ ತೆಗೆದು ಕೂತವರೂ ಅದರಲ್ಲಿ ಏನಿತ್ತು ಅಂತ ಕೇಳ್ತಾರೆ ಕಣೋ! ನಿಮ್ಮ ಭಾವ ಅಂತೂ ಊಟಕ್ಕೆ ಕೂತರೂ ಅದೇ ರಾಗ."

"ಈಗ ನಾನೇನ್ಮಾಡ್ಲಿ?"

"ವಾಪಸ್ ಹಾಕು," ಎಂದಳು ಅಕ್ಕ. "ಒಂದ್ಸಲ ಓದಲಿ. ಆಮೇಲೆ ಜನ್ಮದಲ್ಲಿ ಯಾರೂ ಅದರ ಸುದ್ದಿ ಎತ್ತಲ್ಲ."