ಚೆರಿಮರದ ನಾಲಿಗೆ

ಕಬ್ಬಕ್ಕಿಗಳ ರಾಜ ಒಂದಾನೊಂದು ಕಾಲದಲ್ಲಿ ಈ ಇಳಿಜಾರನ್ನೇ ಮದುವೆಯಾಗುತ್ತೇನೆಂದು ದಿಬ್ಬಣ ಕಟ್ಟಿಕೊಂಡು ಬಂದಿದ್ದನಂತೆ. ಹೆಣ್ಣು ಕೊಡಲೊಲ್ಲದ ತೋಟದವನು ಚೆರಿಮರ ಕಡಿದು ಒಂದು ನಾಲಿಗೆ ಮಾಡಿ, ಎತ್ತರದ ಕಂಬದ ಮೇಲೆ ಗಾಳಿಗೆ ಕಟ್ಟಿದನಂತೆ. ಅದು ಬೈಯತೊಡಗಿದ್ದೇ ತಡ, ದಿಬ್ಬಣ ದಿಕ್ಕಾಪಾಲು. "ಆದ್ರೆ ಆ ನಾಲಿಗೆಗೆ ಕಣ್ಣಿಲ್ಲ ಕಣೇ," ಎನ್ನುತ್ತಿದ್ದಳು ನೊಟ್‌ಬುರ್ಗಾಳ ಅಜ್ಜಿ. "ಹಕ್ಕಿ ಯಾವ್ದು, ಮನುಷ್ಯ ಯಾವ್ದು ಅಂತ ನೋಡಲ್ಲ. ಹತ್ರ ಬಂದಿದ್ದನ್ನ ಬಡಿಯುತ್ತೆ."

ಅಜ್ಜಿ ಹೋಗಿ ವರ್ಷಗಳಾದವು. ಕಳೆದ ಚಳಿಗಾಲ ಗಂಡ ಕಿಲಿಯನ್ ಕೂಡ ಹೋದ. ದಕ್ಷಿಣ ಸ್ಟೈರಿಯಾದ ಆ ಕಡಿದಾದ ಗುಡ್ಡದ ಮೇಲೆ ಈಗ ನೊಟ್‌ಬುರ್ಗಾ, ಅವಳ ದ್ರಾಕ್ಷಿ, ಗಂಡ ಕೆತ್ತಿದ ಗಾಳಿಚಕ್ರ, ಇಷ್ಟೇ. ಚಕ್ರ ತಿರುಗಿದಾಗ ಬೀಚ್ ಮರದ ಕೊಡತಿಗಳು ಒಂದೊಂದಾಗಿ ಎದ್ದು ಚೆರಿ ಹಲಗೆಯ ಮೇಲೆ ಬೀಳುತ್ತಿದ್ದವು. ಟಕ್ಕ ಟಕ ಟಕ್ಕ. ಕಬ್ಬಕ್ಕಿಗಳು ಹೊಗೆಯಂತೆ ಮೇಲೆದ್ದು ಆಚೆ ಕಣಿವೆಗೆ ಸರಿಯುತ್ತಿದ್ದವು.

ಈ ಸಲ ವಸಂತದ ಹಿಮ ಕೆಳಗಿನ ಸಾಲುಗಳನ್ನೆಲ್ಲ ಸುಟ್ಟುಹಾಕಿತ್ತು. ಉಳಿದಿದ್ದು ಮೇಲಿನ ಇಳಿಜಾರು ಮಾತ್ರ. ಚಳಿಯಲ್ಲಿ ನಿಧಾನಕ್ಕೆ ಸಿಹಿ ಕಟ್ಟುವ ತಡವಾಗಿ ಮಾಗುವ ದ್ರಾಕ್ಷಿ. ತನ್ನ ತೋಟದ ವೈನಿಲ್ಲದವರು ವೈನುಮನೆಯ ಗುರುತಾಗಿ ಬಾಗಿಲಿಗೆ ಫರ್ ಮರದ ಸೊಪ್ಪು ಕಟ್ಟಿ ಅತಿಥಿಗಳನ್ನು ಕೂರಿಸುವಂತಿಲ್ಲ. ಬೇರೆಯವರ ವೈನು ತಂದು ಸುರಿದವಳಿಗೆ ಆ ಗುಡ್ಡಗಳಲ್ಲಿ ಮುಖವಿಲ್ಲ. ಮೇಲಿನ ಇಳಿಜಾರು ಹಕ್ಕಿಯ ಪಾಲಾದರೆ ಬರುವ ವರ್ಷ ಸೊಪ್ಪು ಇಳಿಸಿ, ಬೀಗ ಜಡಿದು, ಊರು ಬಿಡಬೇಕು.

ಅಕ್ಟೋಬರಿನ ಆ ಮಧ್ಯಾಹ್ನ ಅಂಗಳದ ಬೆಂಚುಗಳ ಮೇಲೆ ಗ್ರಾಜ್‌ನಿಂದ ಬಂದ ಅತಿಥಿಗಳು ಕಪ್ಪು ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು, ಇನ್ನೂ ನೊರೆಯಾಡುವ ಹೊಸ ವೈನು ಕುಡಿಯುತ್ತಿದ್ದರು. ಆಗ ಕೊಡಲಿ ಹಿಡಿದು ಬಂದವನು ಕೊಲೊಮನ್, ಕಿಲಿಯನ್ನನ ಅಣ್ಣ, ಎದುರು ಗುಡ್ಡದ ಅತಿಥಿಗೃಹದ ಒಡೆಯ.

"ಅದ್ರ ಬಾಯಿ ನೀನು ಮುಚ್ಚಿಸ್ತೀಯೋ, ನಾನೇ ಮುಚ್ಚಿಸ್ಲೋ?"

"ಕೂತ್ಕೊಳಿ ಭಾವ. ಕೊಡಲಿ ಹೊರಗಿಡಿ, ನನ್ನ ಬ್ರೆಡ್ಡು ಅಷ್ಟೇನೂ ಗಟ್ಟಿಯಾಗಿಲ್ಲ."

ಅತಿಥಿಗಳು ನಕ್ಕರು. ಕೊಲೊಮನ್ನನ ಕತ್ತು ಕೆಂಪೇರಿತು.

"ವಿಯೆನ್ನಾದೋರು ಬೆಳಗ್ಗೆ ಗಂಟುಮೂಟೆ ಕಟ್ಕೊಂಡು ಹೊರಟ್ರು. ಶಾಂತಿ ಹುಡ್ಕೊಂಡು ಬಂದ್ರೆ ಇಲ್ಲಿ ಯಾರೋ ಹೆಣದ ಪೆಟ್ಟಿಗೆಗೆ ಮೊಳೆ ಹೊಡೀತಿದಾರೆ ಅಂದ್ರು."

"ಮುಂದಿನ ತಿಂಗಳು ಮಾರ್ಟಿನ್ ಹಬ್ಬಕ್ಕೆ ಇಳಿಸ್ತೀನಿ. ಮಾವ ಇಳಿಸ್ತಿದ್ದ ದಿನಾನೇ. ಅತಿಥಿಗೃಹ ತೆರೆದಾಗ ನಿಮ್ಮ ಚಕ್ರಾನ ಒಲೆಗೆ ಹಾಕಿದ್ರಲ್ಲ, ಕಿವೀನೂ ಜೊತೇಲೇ ಸುಟ್ಕೊಂಡ್ರಾ?"

"ನನ್ನ ತಮ್ಮನ್ನ ತಿಂದೆ. ಈಗ ನನ್ನನ್ನೂ ತಿನ್ನು, ಮಾರಿ!"

ಹಿಂಗೈಯಲ್ಲಿ ಬಾಯಿಗೇ ಬಾರಿಸಿದ. ನೊಟ್‌ಬುರ್ಗಾಳ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಅವಳು ಕೈಯಲ್ಲಿದ್ದ ಮಣ್ಣಿನ ಹೂಜಿಯನ್ನು ಅವನ ಕಿವಿಯ ಮೇಲೆ ಒಡೆದಳು. ವೈನಿನ ನೊರೆಯೂ ರಕ್ತವೂ ಒಟ್ಟಿಗೇ ಅವನ ಕಾಲರಿಗಿಳಿದವು. ಅವನು ಜಡೆ ಹಿಡಿದು ಅವಳ ಹಣೆಯನ್ನು ಮೇಜಿಗೆ ಗುದ್ದಿದ. ಅವಳು ಅವನ ಮಣಿಕಟ್ಟನ್ನು ಕಚ್ಚಿ ಹಿಡಿದಳು, ಉಪ್ಪು ಬಾಯಿಗೆ ಬರುವವರೆಗೂ.

ಚಪ್ಪಾಳೆ ಕೇಳಿಸಿತು.

ಸುಗ್ಗಿಯ ಹೊತ್ತಿಗೆ ಅತಿಥಿಗಳೆದುರು ಹಳ್ಳಿಜಗಳದ ಆಟ ಆಡಿಸುವುದು ಸುತ್ತಲಿನ ಊರುಗಳ ರೂಢಿ. "ಎಷ್ಟು ಸಹಜವಾಗಿ ಮಾಡ್ತಾರೆ ನೋಡ್ರೀ!" ಎಂದಳು ಒಬ್ಬಾಕೆ ಫೋನು ಮೇಲೆತ್ತಿ. "ಸಂಜೆ ಇನ್ನೊಂದ್ಸಲ ಉಂಟೇನೋ."

ಕೊಲೊಮನ್ ನೊಟ್‌ಬುರ್ಗಾಳನ್ನು ನೂಕಿ, ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿದ. ನೊಟ್‌ಬುರ್ಗಾ ಹಿಂದೆಯೇ ಓಡಿದಳು. ಹಣೆಯ ರಕ್ತ ಕಣ್ಣಿಗಿಳಿದು ಬಳ್ಳಿಗಳೆಲ್ಲ ಕೆಂಪಾಗಿ, ಅಜ್ಜಿಯ ಕಥೆಯೊಳಗೇ ಕಾಲಿಟ್ಟಂತಿತ್ತು. ಅವಳು ಬರುವಷ್ಟರಲ್ಲಿ ಅವನು ಏಣಿಯ ತುದಿಯಲ್ಲಿದ್ದ.

ಚಕ್ರದ ಹಿಂದೆ ಬರ್ಚ್ ಕಡ್ಡಿಗಳ ಬಾಲ. ಗಾಳಿ ತಿರುಗಿದರೆ ಬಾಲ ತಿರುಗುತ್ತದೆ, ಬಾಲದೊಡನೆ ಇಡೀ ಚಕ್ರ. ಬಾಲವನ್ನು ಕಂಬಕ್ಕೆ ಬಿಗಿಯದೆ ಯಾರೂ ಏಣಿ ಹತ್ತುವುದಿಲ್ಲ. ಕೊಲೊಮನ್, ಕಿಲಿಯನ್ ಇಬ್ಬರಿಗೂ ಅವರಪ್ಪ ಕಪಾಳಕ್ಕೆ ಹೊಡೆದು ಕಲಿಸಿದ ಪಾಠವದು. ಚಕ್ರ ಸುಟ್ಟವನಿಗೆ ಪಾಠವೂ ಮರೆತಿತ್ತು.

"ಬಾಲ! ಬಾಲ ಕಟ್ಟಿ ಭಾವ!"

"ನಂಗೇ ಹೇಳ್ಕೊಡ್ತೀಯಾ? ಇಂಥದ್ದನ್ನ ನಾನೂ ಕೆತ್ತಿದೋನು ಕಣೇ!"

ಕೊಡಲಿ ಎತ್ತಿದ. ಅದೇ ಗಳಿಗೆಗೆ ಗಾಳಿ ಮಗ್ಗುಲು ಬದಲಿಸಿತು. ಚಕ್ರ ಹೊರಳಿ ಬಂದು ಒಂದು ರೆಕ್ಕೆ ಅವನ ದವಡೆಗೆ ಅಪ್ಪಳಿಸಿತು. ಕೊಡಲಿ ಕೆಳಗೆ ಬಿತ್ತು. ಬೀಳದಿರಲು ಅವನು ಚಾಚಿದ ಬಲಗೈ ಹಲಗೆಗೂ ಕೊಡತಿಗೂ ನಡುವೆ ಸಿಕ್ಕಿತು. ಟಕ್ಕ ಎನ್ನಬೇಕಾದಲ್ಲಿ ಪಚಕ್ ಎಂದಿತು. ಮುಂದಿನ ಕೊಡತಿ. ಅದರ ಮುಂದಿನದು. ಅವನ ಕೂಗಿಗೆ ಕಣಿವೆಯ ನಾಯಿಗಳೆಲ್ಲ ಬೊಗಳಿದವು. ಕೆಳಗೆ ಮತ್ತೆ ಚಪ್ಪಾಳೆ.

ನೊಟ್‌ಬುರ್ಗಾ ಕೊಡಲಿ ಎತ್ತಿಕೊಂಡಳು. ಕಬ್ಬಕ್ಕಿಯ ಹಿಂಡು ಆಗಲೇ ಆಕಾಶದಲ್ಲಿ ಮಡಿಚಿಕೊಳ್ಳುತ್ತಿತ್ತು. ಸುಮ್ಮನೆ ನಿಂತಿದ್ದರೆ ಚಕ್ರ ಉಳಿಯುತ್ತಿತ್ತು, ದ್ರಾಕ್ಷಿಯೂ ಉಳಿಯುತ್ತಿತ್ತು. ಸೀಳಿದ ತುಟಿ ನೆಕ್ಕಿಕೊಂಡು ಒಂದು ಉಸಿರಿನಷ್ಟು ಹೊತ್ತು ಅವಳು ಸುಮ್ಮನೆ ನಿಂತಳು ಕೂಡ.

"ಬುರ್ಗಿ..." ಎಂದ ಅವನು ಮೇಲಿನಿಂದ. ಕಿಲಿಯನ್ ಕರೆಯುತ್ತಿದ್ದ ಹೆಸರು ಅದು.

ಅವಳು ಏಣಿ ಹತ್ತಿ ಚಕ್ರದ ಅಚ್ಚಿಗೆ ಕೊಡಲಿ ಬೀಸಿದಳು. ಮತ್ತೆ ಬೀಸಿದಳು. ಗಂಡನ ಕೈ ಕೆತ್ತಿದ ಮರ ಲಟಲಟನೆ ಮುರಿದು, ಚಕ್ರ, ಹಲಗೆ, ಕೊಲೊಮನ್ ಎಲ್ಲ ಬಳ್ಳಿಗಳ ಮೇಲೆ ಬಿದ್ದರು. ಅವನ ಬಲಗೈಯಲ್ಲಿ ಬೆರಳು ಯಾವುದು, ಮಾಂಸ ಯಾವುದು ತಿಳಿಯುವಂತಿರಲಿಲ್ಲ. ಅವಳು ಏಪ್ರನ್ ಹರಿದು, ರಕ್ತ ನಿಲ್ಲಲೆಂದು ಮೊಣಕೈಯ ಮೇಲೆ ಬಿಗಿದು ಕಟ್ಟಿದಳು.

ಮೌನ. ಆಮೇಲೆ ಮಳೆ ಬಂದ ಸದ್ದು. ಮಳೆಯಲ್ಲ, ರೆಕ್ಕೆಗಳು. ಇಳಿಜಾರು ಕಪ್ಪಾಯಿತು, ಹಣ್ಣು ಸೀಳುವ ಕೊಕ್ಕುಗಳ ಚಿಟಿಚಿಟಿ.

ನೊಟ್‌ಬುರ್ಗಾ ಅಂಗಳದತ್ತ ತಿರುಗಿ ಕಿರುಚಿದಳು. "ನಿಲ್ಲಿಸಿದ್ದು ಯಾಕ್ರೋ? ತಟ್ಟಿ ಈಗ! ಮೇಲೆ ಬಂದು ತಟ್ಟಿ ಚಪ್ಪಾಳೆ! ಒಬ್ರು ಡಾಕ್ಟರಿಗೆ ಫೋನ್ ಮಾಡಿ, ಮಿಕ್ಕೋರೆಲ್ಲಾ ತಟ್ಟಿ!"

ಅವಳ ಮುಖ ನೋಡಿದ ಮೇಲೆ ಯಾರೂ ಅದನ್ನು ಆಟವೆನ್ನಲಿಲ್ಲ. ಫೋನೆತ್ತಿದ್ದಾಕೆ ಮೊದಲು ಓಡಿಬಂದಳು, ಹಿಂದೆ ಉಳಿದವರು, ಅಳುತ್ತ, ಜಾರುತ್ತ, ಸಾಲುಸಾಲಿನ ನಡುವೆ ಅಂಗೈ ಕೆಂಪಾಗುವಂತೆ ತಟ್ಟುತ್ತ. ನೊಟ್‌ಬುರ್ಗಾ ರಕ್ತ ಮೆತ್ತಿದ ಚೆರಿ ಹಲಗೆಯನ್ನು ಕೊಡತಿಯಿಂದ ಬಡಿದಳು. ಹಿಂಡು ಏಳುತ್ತಿತ್ತು, ಕೂರುತ್ತಿತ್ತು, ಮತ್ತೆ ಏಳುತ್ತಿತ್ತು.

"ತುದಿ ಸಾಲು," ಎಂದ ಕೊಲೊಮನ್ ಮುರಿದ ದವಡೆಯಿಂದ. "ತುದೀಲಿ ಕೂತಿವೆ, ಬಡಿ."

ಅವಳು ಅತ್ತ ಓಡಿದಳು. ತಟ್ಟಲು ಇನ್ನೊಂದು ಕೈಯಿಲ್ಲದ ಅವನು ಮಣ್ಣಿನಲ್ಲಿ ಬಿದ್ದುಕೊಂಡೇ ಎಡಗೈಯಲ್ಲಿ ತನ್ನ ತೊಡೆಯನ್ನು ಬಡಿಯುತ್ತಿದ್ದ, ಆದಷ್ಟು ಜೋರಾಗಿ.