ಐವತ್ತರ ಸಾಲು

ಕುಸ್ತಿಯ ಅಖಾಡದಲ್ಲಿ ಎಲ್ಲರೂ ಅವಳನ್ನು ಕಂಬ ಎಂದೇ ಕರೆಯುತ್ತಿದ್ದರು. ಐವತ್ತಮೂರು ಕಿಲೋ ಇದ್ದಾಗ ಜಪ್ಪಯ್ಯ ಅಂದರೂ ಅವಳ ಕಾಲು ಕೀಳಲು ಯಾರಿಂದಲೂ ಆಗುತ್ತಿರಲಿಲ್ಲ. ತೊಂದರೆಯೆಂದರೆ ಅವಳ ಅಕ್ಕನೂ ಅದೇ ತೂಕದವಳು, ಮತ್ತು ತಂಡದಲ್ಲಿ ಒಂದು ತೂಕಕ್ಕೆ ಒಬ್ಬಳಿಗೇ ಜಾಗ. "ಒಂದೇ ಹೊಟ್ಟೇಲಿ ಹುಟ್ಟಿದೋರು ಒಬ್ಬರನ್ನೊಬ್ಬರು ಕೆಡವೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ," ಎಂದಿದ್ದಳು ಅಮ್ಮ. ಸರಿ, ಚಿಕ್ಕವಳು ಐವತ್ತಕ್ಕೆ ಇಳಿಯುವುದೆಂದು ತೀರ್ಮಾನವಾಯಿತು. ಇಂಥ ತೀರ್ಮಾನಗಳಲ್ಲಿ ಇಳಿಯುವವರು ಯಾವಾಗಲೂ ಚಿಕ್ಕವರೇ.

ಆರು ವಾರ ಬಾಯಿ ಕಟ್ಟಿದಳು. ಕೊನೆಯ ಎರಡು ದಿನ ನೀರನ್ನೂ ಬಿಟ್ಟಳು. ತರಬೇತುದಾರಳು ಪ್ರತಿ ಸೋಮವಾರ ಹುಡುಗಿಯರನ್ನು ಕಣ್ಣು ಮುಚ್ಚಿಸಿ, ಒಂಟಿಕಾಲಲ್ಲಿ ನಿಲ್ಲಿಸಿ ಸೆಕೆಂಡು ಎಣಿಸುತ್ತಿದ್ದಳು. ಕಂಬ ಮೊದಲ ವಾರ ನಿಂತದ್ದು ನಲವತ್ತೆರಡು, ಕೊನೆಯ ವಾರ ಒಂಬತ್ತು.

"ಇಳೀತಿರೋದು ಬರೀ ತೂಕ ಅಲ್ಲ ಕಣೇ," ಎಂದಳು ತರಬೇತುದಾರಳು.

ತಂಡದ ಆಯ್ಕೆ ಪಂದ್ಯಗಳ ಹಿಂದಿನ ದಿನ ತೂಕದ ಕೋಣೆಯಲ್ಲಿ ಎರಡು ಸಾಲು, ಐವತ್ತರದೊಂದು, ಐವತ್ತಮೂರರದೊಂದು. ಕಂಬ ಯಂತ್ರ ಹತ್ತಿದಳು. ಅಂಕಿ ೪೯.೮ ತೋರಿಸಿತು, ೫೦.೧ಕ್ಕೆ ಹೋಯಿತು, ಮತ್ತೆ ೪೯.೭ಕ್ಕೆ ಬಂತು.

"ಅಲ್ಲಾಡದೆ ನಿಂತ್ಕೊಳ್ಳಮ್ಮ, ಅಂಕಿ ನಿಲ್ತಾ ಇಲ್ಲ," ಎಂದಳು ತೂಕ ಬರೆಯುವವಳು.

"ನೆಟ್ಟಗೇ ನಿಂತಿದೀನಲ್ಲ."

ಹಾಗೆಂದೇ ಅವಳು ನಂಬಿದ್ದಳು. ಬರೆಯುವವಳು ಗೊಣಗುತ್ತ ಬೇರೆ ಯಂತ್ರ ತಂದಳು, ಅದರ ಮೇಲೂ ಅದೇ ಕಥೆ. ಆಗ ಕಂಬ ತನ್ನ ಪಾದಗಳನ್ನು ನೋಡಿಕೊಂಡಳು. ಬೆರಳುಗಳು ಹಿಡಿತ ಸಿಗದೆ ಒದ್ದಾಡುತ್ತಿದ್ದವು. ಅವಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಕೊನೆಗೂ ಅಂಕಿ ೪೯.೯ಕ್ಕೆ ನಿಂತಿತು.

"ಪಾಸು. ಇಲ್ಲಿ ಸಹಿ ಹಾಕು."

ಪೆನ್ನು ಎತ್ತಿಕೊಂಡವಳು ಹಾಗೇ ಕೆಳಗಿಟ್ಟಳು. "ಐವತ್ತಮೂರಕ್ಕೆ ಬರ್ಕೊಳ್ತೀರಾ?"

ಬರೆಯುವವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟೆಲ್ಲಾ ಇಳಿಸಿ? ನಿನ್ನಿಷ್ಟ. ಬಾಗಿಲು ಹಾಕೋವರೆಗೂ ಬದಲಾಯಿಸ್ಬಹುದು, ಆ ಸಾಲಿಗೆ ಹೋಗು."

ಆ ಸಾಲಿನ ಕೊನೆಯಲ್ಲಿದ್ದವಳು ಅಕ್ಕ. ಕಂಬ ಗೋಡೆ ಹಿಡಿದುಕೊಂಡು ಹೋಗಿ ಅವಳ ಹಿಂದೆ ನಿಂತಳು. ಎಲ್ಲವನ್ನೂ ನೋಡಿದ್ದ ಅಕ್ಕ ನೀರಿನ ಬಾಟಲಿ ಕೊಟ್ಟಳು. ಕಂಬ ಅರ್ಧ ಬಾಟಲಿ ಗಟಗಟ ಕುಡಿದಳು.

"ನಾಳೆ ನಾನೇನೂ ಬಿಟ್ಕೊಡಲ್ಲ," ಎಂದಳು ಅಕ್ಕ.

"ನಾನೂ."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

"ಅಮ್ಮಂಗೆ ಯಾರು ಹೇಳೋದು?"

"ಗೆದ್ದೋರು," ಎಂದಳು ಕಂಬ.