ಆರುನೂರು ಡಾಲರಿನ ಕಾರ್ಬೈನು

ನಡೆದದ್ದನ್ನು ನಡೆದ ಹಾಗೇ ಹೇಳುವುದಾದರೆ, ಹೋಯ್ಟ್ ರ‍್ಯಾಟ್ಲಿಫ್‌ನ ಬೆರಳುಗಳು ಸತ್ತು ಏಳು ತಿಂಗಳಾಗಿತ್ತು. ಕ್ಯಾನ್ಸರಿನ ಔಷಧಿ ಗಡ್ಡೆಯ ಜೊತೆಗೆ ಅವುಗಳ ಸ್ಪರ್ಶವನ್ನೂ ಒಯ್ದಿತ್ತು. ಕೆಂಟಕಿಯ ಆ ಗಣಿ ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕ್ಲೀಟ್ ಮಲ್ಲಿನ್ಸ್‌ನ ಬಂದೂಕಿನಂಗಡಿಯಲ್ಲಿ ಅವನು ದಿನಾ ಪಂಡಿತನಂತೆ ಕೂರುವ ಸ್ಟೂಲು ಕೈತಪ್ಪುತ್ತಿತ್ತು. ಗಣಿ ಮುಚ್ಚಿತ್ತು, ಹೆಂಡತಿ ತೀರಿಕೊಂಡಿದ್ದಳು. ಮರ ಸವರಿ ಬಂದೂಕಿನ ಯೋಗ್ಯತೆ ಹೇಳುವವನೆಂಬ ಹೆಸರೊಂದು ಉಳಿದಿತ್ತು. ಈಗೀಗ ಅವನು ಸವರಿದಂತೆ ನಟಿಸಿ, ಕಣ್ಣಲ್ಲಿ ನೋಡಿ ಹೇಳುತ್ತಿದ್ದ.

ಆ ಶನಿವಾರ ವರ್ನಾ ಸ್ಟಂಪರ್ ಬಂದಳು. ಅವಳ ಕೋಳಿಗೂಡಿಗೆ ನರಿಯಂಥ ಕಯೋಟಿಗಳ ಕಾಟ. ಪಿಸ್ತೂಲಿನ ಗುಂಡನ್ನೇ ಹಾರಿಸುವ, ಹೆಗಲಿಗೆ ಹೆಚ್ಚು ಒದೆಯದ ಗಿಡ್ಡ ಬಂದೂಕು, ಕಾರ್ಬೈನು, ಬೇಕಿತ್ತು. ಕ್ಲೀಟ್ ಎರಡನ್ನು ಮೇಜಿನ ಮೇಲಿಟ್ಟ. ಒಂದರ ಹಿಡಿ ಅಸಲಿ ವಾಲ್ನಟ್ ಮರದ್ದು, ಸಾವಿರದ ಇನ್ನೂರು ಡಾಲರ್. ಇನ್ನೊಂದರದು ಬಣ್ಣ ಬಳಿದ ಅಗ್ಗದ ಬರ್ಚ್ ಮರ, ಆರುನೂರು.

"ದುಪ್ಪಟ್ಟು ಕೊಡೋವಂಥದ್ದು ಏನಿದೆ ಇದ್ರಲ್ಲಿ, ಹೋಯ್ಟ್?"

"ಮರ ಕಬ್ಬಿಣ ಕೂಡೋ ಜಾಗ ನೋಡಿ, ವರ್ನಾ..."

"ನೋಡೋದ್ಯಾಕಂತೆ?" ಕ್ಲೀಟ್ ಹೋಯ್ಟ್‌ನದೇ ಗೊಗ್ಗರು ದನಿ ತೆಗೆದ. "'ಮರಾನ ಯಾವನೋ ಕಣ್ಣಲ್ಲಿ ನೋಡ್ತಾನೆ? ಸವರಿ ನೋಡೋ, ದಡ್ಡ.' ದಿನಾ ನಮ್ ತಲೆ ತಿಂತೀಯಲ್ಲ ಪಂಡಿತ, ಇವತ್ತು ಕಣ್ಣು ಕಟ್ಕೊಂಡು ಹೇಳು."

ಬೇಡವೆಂದರೆ ಅನುಮಾನ ಬರುತ್ತದೆಂದು ಹೋಯ್ಟ್ ತಾನೇ ತಲೆ ಮುಂದೆ ಮಾಡಿದ. ಕ್ಲೀಟ್ ಅವನ ಕಣ್ಣಿಗೆ ಕರವಸ್ತ್ರ ಬಿಗಿದ. ಅಗ್ಗದ ಕಾರ್ಬೈನಿನ ಕೆಳಗಿರುವ, ಗುಂಡು ಏರಿಸುವ ಕಬ್ಬಿಣದ ಬಳೆ ಎಳೆದು, ಒಳಗೆ ಗುಂಡಿಲ್ಲವೆಂದು ವರ್ನಾಳಿಗೆ ತೋರಿಸಿ, ಕಣ್ಣು ಮಿಟುಕಿಸಿ ಅದನ್ನು ಅವನ ಕೈಗಿತ್ತ.

ಹೋಯ್ಟ್ ಸವರಿದ. ಬೆರಳ ತುದಿಯಲ್ಲಿ ಏನೂ ಇರಲಿಲ್ಲ. ಮರವಾದರೂ ಅಷ್ಟೇ, ಮಂಜಾದರೂ ಅಷ್ಟೇ. ಬಳೆಯ ಸುತ್ತ ಹೆಬ್ಬೆರಳು ಒತ್ತಿ ಎರಡು ಸುತ್ತು ಆಡಿಸಿದ.

"ಬೆಣ್ಣೆ ಕಣೋ. ಅಂಚೆಲ್ಲ ಎಷ್ಟು ಚೆನ್ನಾಗಿ ಉಜ್ಜಿದ್ದಾರೆ, ಎಲ್ಲೂ ಚುಚ್ಚಲ್ಲ. ಇದೇ ವಾಲ್ನಟ್ಟು. ಕಣ್ಮುಚ್ಚಿ ದುಡ್ಡು ಕೊಡಿ."

ಕ್ಲೀಟ್ ಕಾರ್ಬೈನನ್ನು ಕಿತ್ತುಕೊಂಡು, ಬದಲಿಸಿದಂತೆ ಮೇಜಿನ ಮೇಲೆ ಸದ್ದು ಮಾಡಿ, ಅದನ್ನೇ ಮತ್ತೆ ಕೊಟ್ಟ. ಇನ್ನು ಉಳಿದದ್ದು ಬರ್ಚ್ ತಾನೇ ಎಂದುಕೊಂಡ ಹೋಯ್ಟ್‌ಗೆ ಧೈರ್ಯ ಬಂತು.

"ಥೂ, ಸೌದೆ. ಕಬ್ಬಿಣಕ್ಕೂ ಮರಕ್ಕೂ ನಡುವೆ ಉಗುರು ತೂರುತ್ತೆ. ಇದಕ್ಕೆ ಆರುನೂರೂ ಜಾಸ್ತಿ."

ಕರವಸ್ತ್ರ ಬಿಚ್ಚಿದಾಗ ವಾಲ್ನಟ್ಟಿನದು ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಕ್ಲೀಟ್ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದ್ದ. "'ಬೆಣ್ಣೆ ಕಣೋ!' ಒಂದೇ ಬಂದೂಕಯ್ಯಾ, ಎರಡು ಸಲವೂ ಒಂದೇ! ನಿನ್ನ ಜಂಬಕ್ಕಿಷ್ಟು."

ವರ್ನಾ ನಗುತ್ತಿದ್ದವಳು ನಿಲ್ಲಿಸಿದಳು. ಬರ್ಚಿನ ಮೇಲೆ ರಕ್ತವಿತ್ತು. ಉಜ್ಜದೆ ಬಿಟ್ಟ ಬಳೆಯ ಅಂಚು ಹೋಯ್ಟ್‌ನ ಹೆಬ್ಬೆರಳನ್ನು ಮಾಂಸದವರೆಗೆ ಸೀಳಿತ್ತು. ಅವಳು ನೋಡುತ್ತಿದ್ದಲ್ಲಿಗೆ ಹೋಯ್ಟ್ ಕಣ್ಣು ಹಾಯಿಸಿದ. ಆಗಲೇ ಅವನಿಗೂ ಗೊತ್ತಾದದ್ದು.

ಅವಳು ಕಾರ್ಬೈನನ್ನು ಅವನ ಕೈಯಿಂದ ತೆಗೆದು ಎದೆಗೆ ಒತ್ತಿಕೊಂಡು, ಅಂಗಿಯ ತೋಳಿನಿಂದ ಮರದ ರಕ್ತ ಒರೆಸಿದಳು. "ನಂಗಿದೇ ಸಾಕು, ಕ್ಲೀಟ್. ಬರ್ಕೊಳ್ಳಿ." ಕತ್ತಿನ ವಸ್ತ್ರವನ್ನು ಮೇಜಿನಡಿಯಿಂದ ಹೋಯ್ಟ್‌ನ ಕೈಗೆ ತುರುಕಿದಳು.

"ಏನಾಯ್ತು?" ಎಂದ ಕ್ಲೀಟ್, ಕಣ್ಣೀರು ಒರೆಸಿಕೊಳ್ಳುತ್ತ.

ಕ್ಲೀಟ್ ಕೆಳಗೆ ನೋಡದಂತೆ ಮಾಡಬೇಕಿತ್ತು. ಹೋಯ್ಟ್ ತಲೆ ಹಿಂದಕ್ಕೆಸೆದು, ಒದ್ದೆಯಾಗುತ್ತಿದ್ದ ಮುಷ್ಟಿಯನ್ನು ಜೇಬಿಗಿಳಿಸಿ, ಅಂಗಡಿಯ ಗಾಜು ಅದುರುವಂತೆ ನಕ್ಕ. ಕ್ಲೀಟ್ ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದ.